ಮಿಸ್ಸಿಂಗ್ ಅಂದ್ರ ಓಡಿಹೋದ ಅಂತಲ್ಲ, ಮಾವಾರೇ

ಬಳ್ಳಾರಿ ಕಂಟೋನ್ಮೆಂಟ್,
ಆದಿತ್ಯವಾರ, 3ನೇ ಮಾರ್ಚ್ 1946

ಪೂಜ್ಯ ಮಾವಾರ ಪಾದಕ್ಕ ನಿಮ್ಮ ಸೊಸಿ ಸುಂಕಲಮ್ಮನ ಶರಣು.

ಹ್ಯಾಂಗದೀರಿ ಮಾವಾರೇ? ಮೊಣಕಾಲು ನೋವು ಈಗ ಕಡಿಮಿ ಐತೇನು? ಸಿರುಗುಪ್ಪದಾಗ ಕಾಲುವಿ ನೀರಿನ ಥಂಡಿ, ಅದರ ಮ್ಯಾಲ ಅಕ್ಕಿ ಗಿರಣಿ ಧೂಳು, ಅದರಾಗ ಕಾವಲು ಕುಂತೋರು ನೀವು. ಕೆಮ್ಮು ಬಂದ್ರ ಬೀಡಿ ಸೇದಿ ಮರಸಬ್ಯಾಡ್ರಿ, ಬಿಸಿನೀರು ಕುಡೀರಿ. ಕಂಬಳಿ ಹರದಿದ್ರ ಬರದು ಕಳಸ್ರಿ, ಇಲ್ಲಿ ನಿಮ್ಮದೊಂದು ಮಡಚಿಟ್ಟದ್ದು ಹಂಗ ಐತಿ. ಅತ್ತಿಯವರು ಅದಾರ. ಚಲೋ ಅದಾರ ಅಂತ ಬರದ್ರ ಸುಳ್ಳಾಕೈತಿ, ಅದಕ್ಕ ಅದಾರ ಅಂತಷ್ಟ ಬರದೀನಿ. ಶಿವರಾತ್ರಿ ಉಪವಾಸ ಬ್ಯಾಡ ಅಂದ್ರೂ ಕೇಳಲಿಲ್ಲ, ಆವತ್ತಿಂದ ಹಾಸಿಗಿ ಬಿಟ್ಟು ಏಳಾಕ ಗ್ವಾಡಿ ಹಿಡೀತಾರ. ಬಳ್ಳಾರಿಯಾಗ ಬಿಸಲು ಈಗಲೇ ಏರೇತಿ, ಗುಡ್ಡದ ಕಲ್ಲು ಕಾದು ಸಂಜಿ ಆದ್ರೂ ಕಾವು ಇಳಿಯವಲ್ದು. ನಾನು ಮೊದಲಿನಂಗ ಹೆಣ್ಣುಮಕ್ಕಳ ಸಾಲಿಗಿ ಆಯಾ ಕೆಲಸಕ್ಕ ಹೋಗ್ತೀನಿ. ಇವತ್ತು ಸಾಲಿ ಇಲ್ಲ, ಅದಕ್ಕ ಕುಂತು ಬರ್ಯಾಕತ್ತೀನಿ.

ಈ ಪತ್ರ ನಿಮಗ ಓದಿ ಹೇಳೋರು ಗಿರಣಿ ಗುಮಾಸ್ತ ಮೈಲಾರಪ್ಪನವರು ಅಂತ ಗೊತ್ತೈತಿ. ಮೈಲಾರಪ್ಪನವರೇ, ನಿಮಗೂ ನನ್ನ ಶರಣು. ನಿಮ್ಮಲ್ಲಿ ಒಂದು ಬೇಡಿಕೊಳ್ಳೂದೈತಿ. ಇದನ್ನ ಮಂದಿ ಇಲ್ಲದ ಕಡಿ ಕರ್ಕೊಂಡು ಹೋಗಿ, ಕೂಡಿಸಿ, ನಿಧಾನಕ್ಕ ಓದ್ರಿ. ಹಿರಿಯರು ನಡುವ ಎದ್ದು ಹೊಂಟ್ರ ಕೈ ಹಿಡಿದು ಕೂಡಸ್ರಿ. ಒಂದು ಮಾತೂ ಬಿಡಬ್ಯಾಡ್ರಿ, ಒಂದು ಮಾತೂ ನಿಮ್ಮ ಕಡಿಂದ ಸೇರಸಬ್ಯಾಡ್ರಿ. ಒಂದ ಒಂದು ಮಾತು ಹೆಚ್ಚುಕಡಿಮಿ ಆಗಿ ನಮ್ಮ ಮನಿ ಏನಾತು ಅನ್ನೂದು ಓದ್ತಾ ಹೋದಂಗ ನಿಮಗೂ ತಿಳೀತೈತಿ.

ಮಾವಾರೇ, ಕುರುಗೋಡಿಗಿ ತಾರು ಬಂದ ದಿನ ನಿಮಗ ನೆನಪೈತಿ, ನನಗೂ ನೆನಪೈತಿ. ಸಿಂಗಾಪುರ ಬಿತ್ತು ಅಂತ ಮಂದಿ ಕಟ್ಟಿ ಮ್ಯಾಲ ಮಾತಾಡಾಕತ್ತಿದ್ದ ಬ್ಯಾಸಗಿ ಅದು. ಅತ್ತಿಯವರು ಮೊರದಾಗ ಜ್ವಾಳ ಹಸನ ಮಾಡಾಕತ್ತಿದ್ರು. ನೀವು ತಳವಾರಕಿ ಮುಗಿಸಿ ಆಗ ಬಂದು ಕಾಲು ತೊಳಕೊಂಡು ನಿಂತಿದ್ರಿ. ಆ ಕಾಗದ ಓದಾಕ ಊರಾಗ ಇಂಗ್ಲಿಷು ಬರೋರು ಅಂದ್ರ ಹತ್ತಿ ಅರಳಿ ವ್ಯಾಪಾರದವರ ಗುಮಾಸ್ತ ಕೊಟ್ಟೂರಪ್ಪ ಒಬ್ಬಾತ. ಒಳ್ಳೇ ಮನುಷ್ಯ. ಅವಗ ಬರೋ ಇಂಗ್ಲಿಷು ಅರಳಿ ಮೂಟಿ ಮ್ಯಾಲಿನ ಮಾರ್ಕು ಓದುವಷ್ಟು. ಕಾಗದ ಹಿಂದಮುಂದ ತಿರುವಿ ನೋಡಿ, ತುಟಿ ಅಲ್ಲಾಡಿಸಿ ಓದಿಕೊಂಡು, "ಮಿಸ್ಸಿಂಗ್ ಅಂತ ಐತಿ. ಅಂದ್ರ ನಿಮ್ಮ ಮಗ ತಪ್ಪಿಸಿಕೊಂಡಾನ" ಅಂದ. ಅಷ್ಟ ಅಂದದ್ದು. ಅತ್ತಿಯವರು ಮೊರ ಕೆಳಗಿಟ್ಟು, "ತಪ್ಪಿಸಿಕೊಂಡ್ನಾ? ನನ್ನಪ್ಪಾ, ಹಂಗಾರ ಉಳಕೊಂಡ ಬಿಡು" ಅಂತ ಕೈ ಮುಗದು ನಕ್ಕುಬಿಟ್ರು. ನೀವು ಮಾತ್ರ ನಗಲಿಲ್ಲ. "ಎಲ್ಲಿಂದ ತಪ್ಪಿಸಿಕೊಂಡ?" ಅಂತ ಕೇಳಿದ್ರಿ. ಕೊಟ್ಟೂರಪ್ಪ, "ಯುದ್ಧದಿಂದನ ಇರಬೇಕು" ಅಂದ. ಆಗ ನಿಮ್ಮ ಮುಖ ನೋಡಿದೋಳು ನಾನೊಬ್ಬಾಕಿ.

ಒಂದ ಮಾತು, ಒಂದ ಅಂಗಳದಾಗ ಬಿತ್ತು. ಅತ್ತಿಯವರ ಕಿವಿಗಿ ಅದು ಜೀವ ಉಳಿಸಿಕೊಂಡಾನ ಅಂತ ಕೇಳಿಸ್ತು. ನಿಮ್ಮ ಕಿವಿಗಿ ಓಡಿಹೋಗ್ಯಾನ ಅಂತ ಕೇಳಿಸ್ತು. ನೀವು ಜೀವಮಾನ ಎಲ್ಲಾ ಊರು ಕಾಯ್ದೋರು. ಪ್ಲೇಗು ಬಂದು ಊರಿಗಿ ಊರೇ ಹೊಲದಾಗ ಗುಡಿಸಲು ಹಾಕ್ಕೊಂಡಾಗ ನೀವೊಬ್ರು ಅಗಸಿ ಬಾಗಲದಾಗ ಉಳದಿದ್ರಿ ಅಂತ ಅತ್ತಿಯವರು ಈಗಲೂ ಹೇಳ್ತಾರ. ಮಗನ್ನ ಕುರುಗೋಡಿಂದ ಈ ಕಂಟೋನ್ಮೆಂಟಿಗಿ ಕರ್ಕೊಂಡು ಬಂದು ಭರ್ತಿ ಮಾಡಿಸಿದೋರೂ ನೀವ. ಅಂಥಾ ನಿಮಗ ಆ ಮಾತು ಹ್ಯಾಂಗ ಚುಚ್ಚಿರಬೇಕು ಅಂತ ನನಗ ಗೊತ್ತು. ಊರ ಮಂದಿ ಸುಮ್ನಿರಲಿಲ್ಲ. ಚಾವಡಿ ಮುಂದ ಯಾವನೋ, "ಮಗ ಅಲ್ಲಿಂದ ಓಡಿದ, ಅಪ್ಪ ಇಲ್ಲಿ ಏನು ಕಾಯ್ತಾನ" ಅಂದನಂತ. ಅವತ್ತು ನೀವು ತಳವಾರಕಿ ಕೋಲು ಗೌಡರ ಮನಿ ಮೂಲ್ಯಾಗ ಇಟ್ಟು ಹಂಗ ನಡದುಬಿಟ್ರಿ. ನಮಗ ಒಂದು ಮಾತು ಹೇಳಲಿಲ್ಲ. ಮೂರು ತಿಂಗಳ ಮ್ಯಾಲ, ಭತ್ತದ ಬಂಡಿ ಹೊಡಿಯೋರು ನಿಮ್ಮನ್ನ ಸಿರುಗುಪ್ಪದ ಗಿರಣಿ ಬಾಗಲದಾಗ ನೋಡಿದ್ವಿ ಅಂದಾಗಲೇ ನಮಗ ನೀವದೀರಿ ಅಂತ ತಿಳದದ್ದು.

ಇದನ್ನ ನಿಮ್ಮ ಮ್ಯಾಲ ತಪ್ಪು ಹೊರಸಾಕ ಬರದಿಲ್ಲ. ನೀವು ಹೋದ ಮ್ಯಾಲ ತಳವಾರಕಿ ಮನಿ ಬಿಡಬೇಕಾತು, ಅತ್ತಿ ಸೊಸಿ ಇಬ್ಬರೂ ಪೆಟ್ರೋಲು ಇಲ್ಲದ ಇದ್ದಲು ಹೊಗಿ ಮ್ಯಾಲ ಓಡೋ ಬಸ್ಸು ಹತ್ತಿ ಬಳ್ಳಾರಿಗಿ ಬಂದ್ವಿ. ಅತ್ತಿಯವರಿಗಿ ಕಂಟೋನ್ಮೆಂಟಿನಾಗ ಇರಬೇಕು ಅನ್ನೂದೊಂದ ಹಟ, ಯಾಕಂದ್ರ ಇಲ್ಲಿ ಸಿಪಾಯಿಗಳು ಬರ್ತಾರ, ಹೋಗ್ತಾರ. ಖಾಕಿ ಹಾಕಿದ ಹುಡುಗ ಯಾರು ಸಿಕ್ರೂ ನಿಂದ್ರಿಸಿ, "ಏನಪ್ಪಾ, ನಮ್ಮ ಹುಡುಗನ್ನ ಕಂಡ್ಯೇನು, ಹುಬ್ಬಿನ ಮ್ಯಾಲ ಗಾಯದ ಗುರುತೈತಿ" ಅಂತ ಕೇಳೋರು. ಪಂಜಾಬದ ಹುಡುಗರಿಗಿ ಕನ್ನಡ ಎಲ್ಲಿ ತಿಳೀಬೇಕು, ಪಾಪ, ನಕ್ಕು ಕೈ ಮುಗದು ಹೋಗೋರು. ದಿನಾ ಉಣ್ಣಾಕ ಕುಂತಾಗ ಮಗನ ಸಂಸಾರದ ಮಾತ. ಈಗ ಯಾವುದೋ ಅಡವಿ ಊರಾಗ ಗದ್ದಿ ಕೆಲಸಕ್ಕ ನಿಂತಿರಬೇಕು, ಆ ಜನರ ಮಾತು ಕಲತಿರಬೇಕು ಅಂತ. ಒಂದು ಸಲ ನನ್ನ ತೊಡಿ ಮ್ಯಾಲ ಕೈ ಇಟ್ಟು, "ಅಲ್ಲೊಬ್ಬಾಕಿನ್ನ ಕಟ್ಟಿಕೊಂಡಿದ್ರೂ ಕಟ್ಟಿಕೊಂಡಿರಬೇಕವ್ವ, ಬಂದಾಗ ನೀ ಜಗಳ ತಗೀಬ್ಯಾಡ, ಗಂಡಸು ಒಬ್ಬನ ಹ್ಯಾಂಗಿರ್ತಾನ" ಅಂದ್ರು. ನಾನೂ ಮಾವಾರೇ, ನಗಬ್ಯಾಡ್ರಿ, ಆ ಹೆಂಗಸಿನ ಕೂಡ ಮನಸಿನಾಗ ರಾಜಿ ಆಗಿಬಿಟ್ಟಿದ್ದೆ. ಆಕಿ ರೊಟ್ಟಿ ಬಡೀಯಾಕ ಬರದಾಕಿ ಇರಬೇಕು, ಬಂದ ಮ್ಯಾಲ ಕಲಸಬೇಕು ಅಂದುಕೊಂಡಿದ್ದೆ. ಇಲ್ಲದ ಹೆಂಗಸು. ಆಕಿ ಇದ್ರ ಅವರೂ ಇದ್ದಂಗ ಅಲ್ಲೇನು, ಅದಕ್ಕ ಆಕಿ ಇರಲಿ ಅಂತಿದ್ದೆ.

ಆ ಮಾತಿನ ಖರೇ ಅರ್ಥ ನನಗ ಸಿಕ್ಕದ್ದು ಸಾಲಿಯಾಗ. ಹೋದ ವರ್ಷ ದಸರಾ ಮುಂದ ಒಂದು ಹುಡುಗಿ ಮೈತುಂಬ ಗುಳ್ಳಿ ಬಂದು, ಗೊಬ್ಬರ ಎದ್ದು ಬಾಳ ದಿನ ಸಾಲಿಗಿ ಬಂದಿದ್ದಿಲ್ಲ. ಆರಾಮಾಗಿ ಬಂದ ದಿನ, ಇಂಗ್ಲಿಷು ಹೇಳಿಕೊಡೋ ಸಾವಂತ್ರಮ್ಮ ಟೀಚರು ಆಕೀನ ಹತ್ರ ಕರದು, ತಲಿ ಸವರಿ, ಇಂಗ್ಲಿಷಿನಾಗ ಏನೋ ಅಂದ್ರು. ನಾನು ಗಡಿಗಿಗಿ ನೀರು ತುಂಬಾಕತ್ತಿದ್ದೆ. ಆ ಮಾತಿನಾಗ 'ಮಿಸ್' ಅಂತ ಬಂತು. ಹುಡುಗಿ ನಕ್ಕಳು. ನನಗ ಸಿಟ್ಟು ಬಂತು. ನಮ್ಮ ಮನಿ ಮುರದ ಮಾತನ್ನ ಕೂಸಿನ ಮುಂದ ನಕ್ಕೊಂತ ಹ್ಯಾಂಗ ಆಡ್ತಾರ ಅಂತ. ಸಾಲಿ ಬಿಟ್ಟ ಮ್ಯಾಲ ಧೈರ್ಯ ಮಾಡಿ ಕೇಳಿದೆ. "ಟೀಚರೇ, ಸಿಪಾಯಿಗಳ ಮನಿಗಿ ತಾರಿನಾಗ ಬರತೈತಲ್ರಿ, ಆ ಮಾತು ಇದ ಏನ್ರಿ? ಹುಡುಗ್ಯಾರು ನಿಮ್ಮನ್ನ ಮಿಸ್ ಅಂತ ಕರೀತಾರಲ್ರಿ, ಅದೂ ಇದ ಏನ್ರಿ?" ಅವರು ಮೊದಲು ನಕ್ರು. ಹುಡುಗ್ಯಾರು ಕರಿಯೂದು ಬ್ಯಾರೆ ಮಾತಂತ, ಯಜಮಾನಿ ಅನ್ನೋ ಉದ್ದ ಮಾತಿನ ತುಂಡಂತ. ಆಮ್ಯಾಲ ನನ್ನ ಮುಖ ನೋಡಿ ನಗೂದು ಬಿಟ್ರು. ಬೀರುವಿನಾಗಿಂದ ದಪ್ಪನ ಪುಸ್ತಕ ತಗದು, ನನ್ನ ಬಾಜೂಕ ನೆಲದ ಮ್ಯಾಲ ಕುಂತು ಹೇಳಿದ್ರು.

ಅದು ಬಾಳ ಹಳೇ ಮಾತಂತ ಮಾವಾರೇ, ಇಂಗ್ಲಿಷರ ಅಜ್ಜ ಮುತ್ತಜ್ಜರ ಕಾಲದ್ದು. ಮೊದಲು ಬಾಣಕ್ಕ, ಕವಣಿ ಕಲ್ಲಿಗಿ ಅಂತಿದ್ರಂತ. ಇಟ್ಟ ಗುರಿಗಿ ತಾಗದಿದ್ರ ಮಿಸ್ ಆತು ಅನ್ನೂದು, ನಾವು ಗುರಿ ತಪ್ಪಿತು ಅಂದಂಗ. ಬರ್ತಾ ಬರ್ತಾ ಎಲ್ಲಾದಕ್ಕೂ ಬಂತಂತ. ಸ್ಟೇಶನ್ನಿಗಿ ಹೋಗೂದ್ರಾಗ ರೈಲು ಹೊಂಟುಹೋದ್ರ ಅದ ಮಾತು. ಅಂಗಿಗಿ ಇರಬೇಕಾದ ಗುಂಡಿ ಇರದಿದ್ರ ಅದ ಮಾತು. ಸಾಲಿಯಾಗ ಹಾಜರಿ ಕೂಗಿದಾಗ ಒಬ್ಬಾಕಿ ಓ ಅನ್ನದಿದ್ರ ಅದ ಮಾತು. ದಂಡಿನಾಗೂ ಹಂಗಂತ. ಯುದ್ಧ ಆದ ಸಂಜಿ ಹೆಸರು ಹಿಡಿದು ಕೂಗ್ತಾರ. ಓ ಅಂದೋರು ಅದಾರ. ಹೆಣ ಸಿಕ್ಕೋರು ಸತ್ತಾರ. ಕೂಗಿದ್ರ ಓ ಅನ್ನದೋರು, ಹೆಣಾನೂ ಸಿಗದೋರು, ಅವರು ಮಿಸ್ಸಿಂಗ್. ನಾನು ಕೇಳಿದೆ, "ಓಡಿಹೋದೋರಿಗಿ ಏನಂತಾರ್ರಿ?" ಸಾವಂತ್ರಮ್ಮನವರು, "ಅದಕ್ಕ ಬ್ಯಾರೆ ಮಾತೈತಿ ಸುಂಕಲಮ್ಮ, ಡೆಸರ್ಟರ್ ಅಂತ. ಅಂಥವನ ಮನಿಗಿ ಹಿಂಗ ತಾರು ಬರೂದಿಲ್ಲ, ಅವನ್ನ ಹುಡುಕಿಕೊಂಡು ಪೊಲೀಸರು ಬರ್ತಾರ" ಅಂದ್ರು. ಮಾವಾರೇ, ನಮ್ಮ ಬಾಗಲಕ್ಕ ಯಾವ ಪೊಲೀಸರು ಬಂದಿದ್ರು?

ಇನ್ನೊಂದು ಮಾತು ಹೇಳಿದ್ರು, ಅದನ್ನ ಮಾತ್ರ ಮೈಲಾರಪ್ಪನವರು ಎರಡು ಸಲ ಓದ್ಲಿ. ನಾವು ತಪ್ಪಿಸಿಕೊಂಡ ಅಂದ್ರ ಆ ಮನುಷ್ಯ ತಾನ ಏನೋ ಮಾಡ್ಯಾನ ಅಂದಂಗಾಕೈತಿ. ಇಂಗ್ಲಿಷಿನ ಆ ಮಾತಿನಾಗ ಹಂಗಿಲ್ಲಂತ. ಇಲ್ಲದೋನು ಏನೂ ಮಾಡಿಲ್ಲ. ಅವನ್ನ ಕೂಗಿದೋರಿಗಿ ಅವನು ಸಿಕ್ಕಿಲ್ಲ, ಅಷ್ಟ. ಕೊಟ್ಟೂರಪ್ಪ ತನಗ ತಿಳಿದಂಗ ಕನ್ನಡ ಮಾಡಿದ, ನಿಮ್ಮ ಮಗ ಮಾಡದ ಕೆಲಸ ಆ ಕನ್ನಡದಾಗ ಸೇರಿಕೊಂಡುಬಿಡ್ತು. ಕೂಸಿನ ಮುಂದ ಆಡಿದ ಮಾತೇನ್ರಿ ಹಂಗಾರ ಅಂತ ಕೇಳಿದೆ. "ನೀ ಇಲ್ಲದ್ದು ನನಗ ಕಾಣಿಸ್ತಿತ್ತು, ನೋವಾಗ್ತಿತ್ತು ಅಂದೆ. ಇದಕ್ಕೂ ಅದ ಮಾತು. ಆ ಮಾತಿನ ಕೆಲಸ ಎಲ್ಲಾ ಹಿಂದ ಉಳಿದೋರದ್ದು" ಅಂದ್ರು. ಸಾವಂತ್ರಮ್ಮನವರ ಮಕ್ಕಳಿಬ್ಬರು ಕಾಲರಾ ಬಂದು ಹೋಗ್ಯಾರ ಅಂತ ನನಗ ಆಮ್ಯಾಲ ತಿಳೀತು. ಅವತ್ತು ಮನಿಗಿ ಬಂದು ಬರದ ಪತ್ರಕ್ಕ ನೀವು ಉತ್ತರ ಕೊಡಲಿಲ್ಲ. ಓದಿಸಿದ್ರೋ, ಒಲಿಗಿ ಹಾಕಿದ್ರೋ.

ಈಗ ಮನಸು ಗಟ್ಟಿ ಮಾಡಿಕೊಂಡು ಕುಂದರ್ರಿ. ಹೋದ ತಿಂಗಳು ಚಾಂದಸಾಬ್ ಅನ್ನೋರು ಒಬ್ಬರು ಸಾಲಿ ಬಾಗಲಕ್ಕ ಬಂದಿದ್ರು. ಇಲ್ಲೇ ಕೌಲ್ ಬಜಾರದೋರು, ನಿಮ್ಮ ಮಗನ ಕೂಡ ಒಂದ ದಂಡಿನಾಗ ಮಲಯಾ ದೇಶಕ್ಕ ಹೋದೋರು. ಜಪಾನಿನವರ ಕೈಯಾಗ ಸಿಕ್ಕು ಇಷ್ಟು ವರ್ಷ ಸೆರಿಯಾಗಿದ್ದು ಬಂದಾರ. ಎದಿ ಎಲಬು ಎಣಿಸಬೇಕು ಹಂಗಾಗ್ಯಾರ, ಮಾತಿಗೊಮ್ಮೆ ದಮ್ಮು ಹಿಡೀತೈತಿ. ಬೇವಿನ ಗಿಡದ ಕೆಳಗ ಕುಂತು, ನನ್ನ ಮುಖ ನೋಡದ, ನೆಲ ನೋಡಿಕೊಂತ ಹೇಳಿದ್ರು. ಹಿಂದಕ್ಕ ಸರೀಬೇಕು ಅಂತ ಹುಕುಂ ಆಗಿತ್ತಂತ. ನದಿ ದಾಟಿದ ಮ್ಯಾಲ ಬ್ರಿಜ್ಜು ಒಡೀಬೇಕು ಅಂತಲೂ ಆಗಿತ್ತಂತ. ಎಲ್ಲಾರೂ ದಾಟಿದ್ರಂತ. ಈ ಕಡಿ ಬಂದ ಮ್ಯಾಲ ಗೊತ್ತಾತಂತ, ಆಚಿ ದಂಡಿ ಗುಡಿಸಲದಾಗ ಆದೋನಿ ಕಡಿ ತೆಲುಗು ಹುಡುಗ ಒಬ್ಬ, ಕಾಲಿಗಿ ಗುಂಡು ಬಿದ್ದೋನು, ಉಳದಾನ ಅಂತ. ನಿಮ್ಮ ಮಗ ಯಾರನ್ನೂ ಕೇಳಲಿಲ್ಲಂತ. ತಿರುಗಿ ನಡದ್ರಂತ. ಚಾಂದಸಾಬರೂ ಹಿಂದ ಓಡಿ ಗುಡಿಸಲಮಟ ಹೋಗ್ಯಾರ. ಇಬ್ಬರೂ ಎತ್ತಾಕ ನೋಡ್ಯಾರ, ಆ ಹುಡುಗ ಮುಟ್ಟಿದ್ರ ಚೀರಾಕತ್ತಾನ, "ನೀಳ್ಳು, ನೀಳ್ಳು" ಅಂತ ನೀರು ಕೇಳಾಕತ್ತಾನ. ಅಷ್ಟರಾಗ ಈ ಕಡಿಂದ ಸೀಟಿ. "ನೀ ನಡಿ ಚಾಂದ್, ಡೋಲಿ ತಗೊಂಡು ಬಾ, ನಾ ಇವಗ ನೀರು ಕುಡಿಸ್ತಿರ್ತೀನಿ" ಅಂದ್ರಂತ ನಿಮ್ಮ ಮಗ. ಚಾಂದಸಾಬರು ಡೋಲಿಗಿ ಓಡಿ ಬಂದ್ರು. ಅವರು ಈ ದಂಡಿ ಮುಟ್ಟೂದಕ್ಕೂ ಬ್ರಿಜ್ಜು ಸಿಡಿದು ಮ್ಯಾಲ ಹಾರೂದಕ್ಕೂ ಸರಿ ಹೋತಂತ. ಈಜಿಕೊಂಡು ಹೊಂಟ ಚಾಂದಸಾಬರನ್ನ ಮಂದಿ ಹಿಡದು ಕೆಡವಿದ್ರಂತ. ಆಚಿ ದಂಡಿ ಗುಡಿಸಲು ಉರಿಯೂದು ಈ ಕಡಿಂದ ಕಾಣ್ತಿತ್ತಂತ.

ಆ ಸಂಜಿ ಹೆಸರು ಕೂಗಿದಾಗ ನಿಮ್ಮ ಮಗನ ಹೆಸರಿಗಿ ಯಾರೂ ಓ ಅನ್ನಲಿಲ್ಲ. ಸಾಹೇಬ, "ಸತ್ತದ್ದನ್ನ ಕಣ್ಣಾರೆ ಕಂಡೋರು ಅದಾರೇನು?" ಅಂತ ಕೇಳಿದನಂತ. ಚಾಂದಸಾಬರು ಗುಡಿಸಲು ಉರಿದದ್ದು ಕಂಡಿದ್ರು, ನಿಮ್ಮ ಮಗ ಸತ್ತದ್ದು ಕಂಡಿದ್ದಿಲ್ಲ. ಇಲ್ಲ ಸಾಹೇಬ್ ಅಂದ್ರಂತ. ಸಾಹೇಬ ಮಿಸ್ಸಿಂಗ್ ಅಂತ ಬರಕೊಂಡ. ನಿಮ್ಮ ಬಾಗಲಕ್ಕ ಬಂದ ಮಾತು ಅದು. "ತಂಗೀ, ಉಚ್ಚೆಂಗಿ ಹಿಂದ ಹೋಗಬೇಕಾಗಿದ್ದಿಲ್ಲ. ಹೋಗಂತ ಯಾರೂ ಅಂದಿದ್ದಿಲ್ಲ" ಅಂತ ಚಾಂದಸಾಬರು ನಿಮ್ಮ ಮಗನ ಹೆಸರು ಹಿಡದು ಅದನ್ನ ಅದನ್ನ ಹೇಳಿ ಅತ್ರು. ನಾನು ಅಳಲಿಲ್ಲ ಮಾವಾರೇ. ಸಾಲಿ ಗಂಟಿ ಹೊಡಿಯೋ ಹೊತ್ತಾಗಿತ್ತು, ಹೋಗಿ ಹೊಡದು ಬಂದೆ.

ನಿಮ್ಮ ಮಗ ಓಡಿಹೋಗಿಲ್ಲ. ಎಲ್ಲಾರೂ ಬಿಟ್ಟು ಓಡಿ ಬಂದ ಕಡಿಗಿ ತಿರುಗಿ ಹೋಗ್ಯಾರ. ಇದನ್ನ ನಾನು ಚಾವಡಿ ಮುಂದ ನಿಂತು ಕೂಗಿ ಹೇಳಬೇಕಾಗಿತ್ತು, ಆದ್ರ ಮನಿಯಾಗ ಸೈತ ಹೇಳಿಲ್ಲ. ಈ ಸುದ್ದಿ ನಿಮಗ ಮಗನ ಮಾನ ತಂದುಕೊಡತೈತಿ, ಅತ್ತಿಯವರ ಕೈಯಾಗಿಂದ ಮಗನ್ನ ಕಸಕೊಳ್ಳತೈತಿ. ಅವರು ಇಷ್ಟು ದಿನ ಬದುಕಿದ್ದು ಆ ತಪ್ಪಿಸಿಕೊಂಡಾನ ಅನ್ನೋ ಮಾತಿನ ಮ್ಯಾಲ. ಚಾಂದಸಾಬರನ್ನ ಮನಿಗಿ ಕರ್ಕೊಂಡು ಹೋದೆ, ದಾರ್ಯಾಗ ಕೈ ಮುಗದು ಹೇಳಿದೆ, ಮುದುಕಿ ಮುಂದ ಏನೂ ಅನ್ನಬ್ಯಾಡ್ರಿ ಅಂತ. ಅವರು, "ನಾನು ಬ್ಯಾರೆ ಕಡಿ ಇದ್ದೆ ಅಮ್ಮಾ, ನೋಡಲಿಲ್ಲ" ಅಂದ್ರು. ಅತ್ತಿಯವರು ಹೂಂ ಅಂದು, ರೊಟ್ಟಿ, ಪುಂಡಿಪಲ್ಲೆ ನೀಡಿದ್ರು. ಅಂದಿನಿಂದ ನಾನು ಹಣಿಗಿ ಕುಂಕುಮ ಹಚ್ಚಿಕೊಳ್ಳೂದು ಅತ್ತಿಯವರ ಸಲವಾಗಿ. ಕನ್ನಡಿ ನೋಡದ ಹಚ್ಚಿಕೊಳ್ತೀನಿ. ಬಾವಿ ಕಟ್ಟಿ ಮ್ಯಾಲ ಹೆಂಗಸರು, "ನಿನ್ನ ಗಂಡನ ಸುದ್ದಿ ಏನರ ಬಂತೇನು" ಅಂತ ಕೇಳಿದ್ರ ಇನ್ನೂ ಇಲ್ರಿ ಅಂತೀನಿ. ಹಿಂಗ ಎಷ್ಟು ದಿನ ಅಂತ ನನಗ ತಿಳೀವಲ್ದು.

ಅದಕ್ಕ ಬೇಡಿಕೊಳ್ತೀನಿ, ನೀವು ಬರ್ರಿ. ಇನ್ನು ನೀವು ತಲಿ ತಗ್ಗಿಸಿ ದೂರ ಇರಬೇಕಾದ ಕಾರಣ ಒಂದೂ ಉಳಿದಿಲ್ಲ. ಬಂದ ಮ್ಯಾಲ ಅತ್ತಿಯವರ ಮುಂದ ಈ ಮಾತು ಎತ್ತಬ್ಯಾಡ್ರಿ, ಕೇಳಿದ್ರ ಕಾಲು ನೋವಿಗಿ ಔಷಧಕ್ಕ ಬಂದೀನಿ ಅನ್ರಿ. ಅವರು ಸೊರಗಿ ಹೋಗ್ಯಾರ, ಇನ್ನೊಂದು ಬ್ಯಾಸಗಿ ತಡೀತಾರೋ ಇಲ್ಲೋ. ಇರೋಮಟ ಮಗ ಎಲ್ಲೋ ಅದಾನ ಅಂತ ಇರ್ಲಿ. ನೀವು ಅವರ ಬಾಜೂಕ ಕುಂತ್ರ ಸಾಕು. ನಿಮ್ಮ ಮುಂದ ಒಮ್ಮೆ ನಿಮ್ಮ ಮಗನ ಹೆಸರು ಬಾಯಿ ಬಿಟ್ಟು ಅನ್ನಬೇಕು ಅಂತ ನನಗೂ ಐತಿ. ಗಂಡನ ಹೆಸರು ಹೇಳಬಾರದು ಅಂತ ಇಷ್ಟು ವರ್ಷ ನುಂಗಿಕೊಂಡೀನಿ.

ದಾರ್ಯಾಗ ಜ್ವಾಕಿ. ಸಿರುಗುಪ್ಪದಿಂದ ಮುಂಜಾನಿ ಬಸ್ಸಿಗಿ ಬಂದ್ರ ಬಿಸಲು ಏರೂದ್ರಾಗ ಬಳ್ಳಾರಿ ಮುಟ್ತೀರಿ. ಸಾಲಿ ಹಿಂದಿನ ಸಾಲುಮನಿಯಾಗ ಕಡೀದು ನಮ್ಮದು, ಬಾಗಲಿಗಿ ಹಸರು ಬಣ್ಣ. ಮೈಲಾರಪ್ಪನವರಿಗಿ ದೇವರು ಒಳ್ಳೇದು ಮಾಡ್ಲಿ, ಇಷ್ಟು ಹೊತ್ತು ಓದಿದ್ದಕ್ಕ.

ನಿಮ್ಮ ಕಾಲಿಗಿ ಬಿದ್ದು ಬೇಡಿಕೊಳ್ಳೋ ಸೊಸಿ,
ಸುಂಕಲಮ್ಮ

ತಾ.ಕ. ಮಾವಾರೇ, ಲಕೋಟಿ ಅಂಟಸಾಕ ಹೋದಾಗ ಅತ್ತಿಯವರು ಎದ್ದು ಕುಂತು, ಯಾರಿಗಿ ಇಷ್ಟುದ್ದ ಬರದಿ ಅಂದ್ರು. ನಿಮಗ ಅಂದೆ. ಓದು ಅಂದ್ರು. ನಾನು ನಡುವ ಬಿಟ್ಟು ಬಿಟ್ಟು ಓದಾಕತ್ತೆ. ಕೈ ಅಡ್ಡ ಹಿಡದ್ರು. ಅವತ್ತ ಚಾಂದಸಾಬರು ಹೊಂಟಾಗ ಅತ್ತಿಯವರು ಓಣಿ ತಿರುವಿನಮಟ ಅವರ ಹಿಂದ ಹೋಗಿ, ಹೆತ್ತಾಕಿ ಕೇಳ್ತೀನಿ ಹೇಳಪ್ಪಾ ಅಂದಿದ್ರಂತ. ಅವರು ಎಲ್ಲಾ ಹೇಳ್ಯಾರ. ನನಗ ತಿಳಿದ್ರ ನಾನು ಉಳಿಯೂದಿಲ್ಲ ಅಂತ ಈ ಒಂದು ತಿಂಗಳು ಅತ್ತಿಯವರು ನನ್ನ ಮುಂದ ನಕ್ಕೊಂತ, ಮಗ ಬರ್ತಾನ ಬರ್ತಾನ ಅಂತ ಇದ್ರು. ಟಪಾಲಿನ ಹೊತ್ತಾತು, ಅವರು ಅಂದದ್ದನ್ನ ಅಂದಂಗ ಬರದೀನಿ: "ನಿಮ್ಮ ಮಾವಗ ಬರಿ. ಇನ್ನೂ ನಾನು ಅತ್ತಿಲ್ಲ. ಅಂವ ಇಬ್ಬರಿಗೂ ಮಗ, ಒಬ್ಬಾಕಿಗೇ ಅಳಾಕ ಆಗೂದಿಲ್ಲ. ಜಲ್ದಿ ಬಾ ಅನ್ನು."